ಲೆನ್ಸು ಉದ್ದ ಆಯ್ತು, ನಾವ್ಯಾಕೆ ಹತ್ತಿರ ಹೋದ್ವಿ?

ಪುಣೆಯಲ್ಲಿರುವ ನನ್ನ ಅಕ್ಕನ ಮಗ ಮೊನ್ನೆ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ್ದ. ಆ ಹೊತ್ತಿಗೆ ಊರಿಂದ ಫೋನ್ ಬಂದ್ರೆ ಎದೆ ಧಸಕ್ ಅನ್ನುತ್ತೆ; ಪುಣೆಯಿಂದ ಬಂದ್ರೆ ಅದು ದುಡ್ಡಿನ ವಿಷಯ. "ಮಾವ, 600 ಎಫ್ 4 ತಗೋಬೇಕು ಅಂತಿದೀನಿ. ಇಎಂಐ ಸಿಗತ್ತೆ. ಏನಂತೀರಿ?"

"ಬೇಡ ಅಂತೀನಿ" ಅಂದೆ.

ಅವನಿಗೆ ಸಿಟ್ಟು ಬಂತು. ನನಗೆ ವಯಸ್ಸಾಯ್ತು, ಭುಜ ನೋವು, ಅದಕ್ಕೇ ಹೊಟ್ಟೆಕಿಚ್ಚು ಅನ್ನೋ ಅರ್ಥದ ಮಾತಾಡಿ ಫೋನಿಟ್ಟ. ಇರಲಿ ಬಿಡಿ. ಭುಜ ನೋವಿರೋದು ನಿಜ. ಆದ್ರೆ ಫೋನಿನಲ್ಲಿ ಹೇಳೋಕೆ ಆಗದ್ದು ಬಹಳ ಇತ್ತು. ಅವನೊಬ್ಬನಿಗೇ ಅಲ್ಲ, ಮುಂಬೈ, ಪುಣೆ, ಹೈದರಾಬಾದಿನಲ್ಲಿ ಕೂತು ಶನಿವಾರ ರಾತ್ರಿ ಬ್ಯಾಟರಿ ಚಾರ್ಜಿಗೆ ಹಾಕಿ ಮಲಗುವ ನಮ್ಮವರು ಎಷ್ಟು ಜನ ಇದ್ದೀರೋ, ಅಷ್ಟೂ ಜನರಿಗೆ ಹೇಳಬೇಕಿತ್ತು. ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಾನು ಶಿರಸಿ ಕಡೆಯವನು. ಡೊಂಬಿವಲಿಗೆ ಬಂದು ಮೂವತ್ತೆಂಟು ವರ್ಷವಾಯ್ತು. ಸೋಂದಾದ ಮುಂಡಿಗೆಕೆರೆಯಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಮುಂಡಿಗೆ ಹಿಂಡಿನ ಮೇಲೆ ಗೂಡು ಕಟ್ಟೋದನ್ನ ಚಡ್ಡಿ ಹಾಕುವ ಕಾಲದಲ್ಲೇ ನೋಡಿದವನು. ಆಮೇಲೆ ತೇಜಸ್ವಿಯವರ ಹಕ್ಕಿ ಪುಸ್ತಕ ಓದಿ ಹುಚ್ಚು ಹತ್ತಿಸಿಕೊಂಡವರ ಪೈಕಿ ನಾನೂ ಒಬ್ಬ. ಕ್ಯಾಮೆರಾ ಕೈಗೆ ಬಂದಿದ್ದು ಮಾತ್ರ ತಡವಾಗಿ, 2007ರಲ್ಲಿ. 2011ರಲ್ಲಿ ಒಂದು ಹಳೇ 400 ಎಂಎಂ ಲೆನ್ಸು, 2016ರಲ್ಲಿ ಒಂದು 150-600 ಜೂಮು. ಅಲ್ಲಿಗೆ ನನ್ನ ಆಸ್ತಿ ಮುಗೀತು.

ಭಾನುವಾರ ಬೆಳಿಗ್ಗೆ ಇಲ್ಲಿನ ಯಾವ ಖಾಡಿ ದಂಡೆಗೆ ಹೋದ್ರೂ ಒಂದೇ ದೃಶ್ಯ. ಹತ್ತು ಹದಿನೈದು ಜನ, ಮೈತುಂಬ ಹಸಿರು ಚುಕ್ಕೆ ಬಟ್ಟೆ, ಲೆನ್ಸಿಗೂ ಅದೇ ಬಟ್ಟೆಯ ಅಂಗಿ. ಪಕ್ಕದಲ್ಲಿ ನಿಂತವನು ಕೇಳುವ ಮೊದಲ ಪ್ರಶ್ನೆ "ಯಾವ ಹಕ್ಕಿ?" ಅಂತ ಅಲ್ಲ. "ಅಂಕಲ್, ಕಿತ್ನಾ ಎಂಎಂ ಹೈ?" ಎರಡನೆಯದು "ಕಿತ್ನೇ ಮೇ ಲಿಯಾ?" ನಮ್ಮ ಕಡೆ ಮದುವೆ ಮನೆಯಲ್ಲಿ ಸಂಬಳ ಕೇಳ್ತಾರಲ್ಲ, ಹಾಗೆ. 400 ಅಂದ್ರೆ ಮುಖ ಸಪ್ಪೆ ಮಾಡಿ ಆಚೆ ತಿರುಗ್ತಾರೆ. 600 ಎಫ್ 4 ಹೊತ್ತವನು ಬಂದ್ರೆ ದಾರಿ ಬಿಡ್ತಾರೆ, ದೇವರ ಪಲ್ಲಕ್ಕಿ ಬಂದ ಹಾಗೆ.

ನನ್ನ ತಕರಾರು ಲೆನ್ಸಿನ ಮೇಲಲ್ಲ. ಒಂದು ಸಣ್ಣ ಪ್ರಶ್ನೆ ಇದೆ ಅಷ್ಟೇ. ಉದ್ದ ಲೆನ್ಸು ಯಾಕೆ ಹುಟ್ಟಿತು? ಹಕ್ಕಿಗೆ ತೊಂದರೆಯಾಗದಷ್ಟು ದೂರ ನಿಂತೂ ಚಿತ್ರ ತೆಗೆಯಲಿಕ್ಕೆ ಆಗಲಿ ಅಂತ. ಸರಿ ತಾನೆ? ಹಾಗಾದ್ರೆ ಲೆನ್ಸು 300ರಿಂದ 400, 400ರಿಂದ 600 ಆಗುತ್ತಾ ಹೋದ ಹಾಗೆ ನಾವು ಹಿಂದೆ ಹಿಂದೆ ಸರಿಯಬೇಕಿತ್ತಲ್ಲ? ಸರಿದಿದ್ದೀವಾ?

ಸ್ವಲ್ಪ ಲೆಕ್ಕ ಮಾಡೋಣ, ಬೇಜಾರು ಮಾಡ್ಕೋಬೇಡಿ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಎಂಎಂ. 600ರ ಲೆನ್ಸು ಹಾಕಿ 30 ಮೀಟರ್ ದೂರದಲ್ಲಿ ನಿಂತ್ರೆ ನಿಮ್ಮ ಚೌಕಟ್ಟಿನಲ್ಲಿ ಹಿಡಿಯುವ ಅಗಲ 1.8 ಮೀಟರ್. ಟಿಟ್ಟಿಭ ಹಕ್ಕಿ ಕೊಕ್ಕಿನಿಂದ ಬಾಲದವರೆಗೆ ಸುಮಾರು 33 ಸೆಂಟಿಮೀಟರ್. ಅಂದ್ರೆ ಚೌಕಟ್ಟಿನ ಐದರಲ್ಲಿ ಒಂದು ಭಾಗಕ್ಕಿಂತ ಚೂರು ಕಡಿಮೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಡ್ಡಕ್ಕೆ 6,000 ಪಿಕ್ಸೆಲ್. ಹಕ್ಕಿಯ ಪಾಲಿಗೆ 1,100. ನಿಮ್ಮ ಚಿತ್ರವನ್ನ ನೂರಕ್ಕೆ ತೊಂಬತ್ತೊಂಬತ್ತು ಜನ ನೋಡೋದು ಮೊಬೈಲಿನಲ್ಲಿ, ಲೋಕಲ್ ಟ್ರೇನಿನಲ್ಲಿ ಒಂದು ಕೈಯಲ್ಲಿ ಹಿಡಿ ಹಿಡ್ಕೊಂಡು. ಹೆಚ್ಚಿನ ಮೊಬೈಲ್ ಪರದೆಯ ಅಗಲ 1,080 ಪಿಕ್ಸೆಲ್. ಸುತ್ತಲ ಜಾಗ ಕತ್ತರಿಸಿ ಹಾಕಿದ್ರೆ ಹಕ್ಕಿ ಪರದೆ ತುಂಬುತ್ತೆ. ಮೂವತ್ತು ಮೀಟರಿನಿಂದ!

ಇನ್ನೊಂದು ಗುಟ್ಟು. ಅಂಗಡಿಯವನು ಇದನ್ನ ತಾನಾಗಿ ಹೇಳೋದು ಕಡಿಮೆ. ಸಣ್ಣ ಸೆನ್ಸರಿನ, ಅಂದ್ರೆ ಎಪಿಎಸ್-ಸಿ ಕ್ಯಾಮೆರಾಕ್ಕೆ 400 ಎಂಎಂ ಹಾಕಿ ಅದೇ 30 ಮೀಟರಿನಿಂದ ತೆಗೆದ್ರೆ ಹಿಡಿಯುವ ಅಗಲ ಹೆಚ್ಚೂ ಕಡಿಮೆ ಅದೇ 1.8 ಮೀಟರ್. ಬೆಳಕು ಕಡಿಮೆ ಇದ್ದಾಗ ದೊಡ್ಡ ಸೆನ್ಸರಿನ ಚಿತ್ರ ಚೊಕ್ಕ ಬರುತ್ತೆ, ಒಪ್ಪಿದೆ. ಬೆಳಿಗ್ಗೆ ಏಳೂವರೆಯ ಬಿಸಿಲಿನಲ್ಲಿ, ಮೊಬೈಲಿನ ಪರದೆಯಲ್ಲಿ, ವ್ಯತ್ಯಾಸ ತೋರಿಸಿ ನೋಡೋಣ.

ಆದ್ರೆ ಇದೇ ಲೆಕ್ಕದಲ್ಲಿ ಒಂದು ದೆವ್ವ ಅಡಗಿದೆ. ದೂರ ಅರ್ಧ ಆದ್ರೆ ಹಕ್ಕಿ ಎರಡು ಪಟ್ಟು ದೊಡ್ಡದು. ಲೆನ್ಸು ಎರಡು ಪಟ್ಟು ಮಾಡೋಕೆ ಲಕ್ಷಗಟ್ಟಲೆ ಬೇಕು. ಹದಿನೈದು ಮೀಟರ್ ಮುಂದೆ ನಡೆಯೋಕೆ? ಪುಕ್ಕಟೆ.

ಈಗ ನನ್ನದೇ ಕಥೆ ಹೇಳ್ತೀನಿ. ಬೇರೆಯವರ ಕಡೆ ಬೆರಳು ತೋರಿಸೋದು ಸುಲಭ.

2018ರ ಮೇ ತಿಂಗಳು. ಪನ್ವೇಲ್ ಕಡೆ ಒಂದು ಖಾಲಿ ಸೈಟು. ಜಲ್ಲಿಕಲ್ಲು, ಒಣ ಹುಲ್ಲು. ಅಲ್ಲಿ ಕೆಂಪು ಟಿಟ್ಟಿಭ ಮೊಟ್ಟೆ ಇಟ್ಟಿದೆ ಅಂತ ನಮ್ಮ ಗುಂಪಿಗೆ ಸುದ್ದಿ ಬಂತು, ಜೊತೆಗೆ ನಕ್ಷೆಯಲ್ಲಿ ಗುರುತು. ಟಿಟ್ಟಿಭ ಗೂಡು ಕಟ್ಟೋದಿಲ್ಲ, ಗೊತ್ತಲ್ಲ? ನೆಲದ ಮೇಲೇ ಚೂರು ತಗ್ಗು ಮಾಡಿ, ಸುತ್ತ ಕಲ್ಲು ಜೋಡಿಸಿ, ಕಲ್ಲಿನದೇ ಬಣ್ಣದ ಮೊಟ್ಟೆ ಇಡುತ್ತೆ, ಸಾಮಾನ್ಯವಾಗಿ ನಾಲ್ಕು. ನಾವು ಏಳು ಜನ ಹೋದ್ವಿ. ಏಳೂ ಜನರ ಹತ್ತಿರ ಉದ್ದ ಲೆನ್ಸು. ಮೊದಲು ಮೂವತ್ತು ಮೀಟರಿನಲ್ಲಿ ನಿಂತ್ವಿ. ಹಕ್ಕಿ ಕೂತೇ ಇತ್ತು. ಚಿತ್ರ ಸಿಕ್ಕಿತ್ತು! ಅಲ್ಲಿಗೆ ವಾಪಸ್ ಬರಬಹುದಿತ್ತು. ಯಾರೋ ಒಬ್ಬರು "ಇನ್ನೂ ಸ್ವಲ್ಪ" ಅಂದ್ರು. ಇಪ್ಪತ್ತಾಯ್ತು. ಹಕ್ಕಿ ಎದ್ದು ನಡೆಯಿತು. ಮತ್ತೆ ಯಾರೋ "ಮೊಟ್ಟೆ ಜೊತೆ ಬೇಕು" ಅಂದ್ರು. ಆ ಯಾರೋ ನಾನೇ ಇರಬಹುದು. ನಿಜವಾಗ್ಲೂ ನೆನಪಿಲ್ಲ, ನೆನಪಿಲ್ಲದಿರೋದು ನನಗೆ ಅನುಕೂಲ ಅನ್ನೋದೂ ಗೊತ್ತು. ಕೊನೆಗೆ ಆರು ಮೀಟರಿಗೆ ಬಂದ್ವಿ. ಎರಡೂ ಹಕ್ಕಿ ತಲೆ ಮೇಲೆ ಹಾರುತ್ತಾ ಕಿರುಚುತ್ತಿದ್ದವು. ನಾವು ಆ ಕಿರುಚಾಟವನ್ನೇ 1/2000ರಲ್ಲಿ ಹಿಡಿದ್ವಿ, "ಸೂಪರ್ ಆಕ್ಷನ್" ಅಂತ.

ಹೀಗೆ ಮುಕ್ಕಾಲು ಗಂಟೆ. ಹೊತ್ತು ಹತ್ತಾಗಿತ್ತು. ಮೇ ತಿಂಗಳ ಬಿಸಿಲು.

ಟಿಟ್ಟಿಭ ಬೇಸಗೆಯಲ್ಲಿ ಮೊಟ್ಟೆ ಮೇಲೆ ಕೂರೋದು ಕಾವು ಕೊಡೋಕೆ ಮಾತ್ರ ಅಲ್ಲ, ನೆರಳು ಕೊಡೋಕೆ. ನೀರಿಗೆ ಹೋಗಿ ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆ ತಣ್ಣಗೆ ಮಾಡುತ್ತೆ. ಇದು ನನಗೆ ಅವತ್ತು ಗೊತ್ತಿರಲಿಲ್ಲ. ಹೈಪರ್‌ಫೋಕಲ್ ದೂರ ಅಂದ್ರೇನು ಅಂತ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಮುಂದಿನ ಭಾನುವಾರ ಒಬ್ಬನೇ ಹೋದೆ. ನಾಲ್ಕೂ ಮೊಟ್ಟೆ ಅಲ್ಲೇ ಇದ್ದವು. ಹಕ್ಕಿ ಇರಲಿಲ್ಲ. ರಸ್ತೆಯ ಆಚೆ ಬೇವಿನ ಮರದ ಕೆಳಗೆ ಎರಡು ಗಂಟೆ ಕೂತೆ. ಬರಲಿಲ್ಲ. ನಾಯಿ ಓಡಿಸಿತೋ, ಇನ್ನೇನೋ ಆಯ್ತೋ ಅಂತ ಗೆಳೆಯರು ಸಮಾಧಾನ ಹೇಳಿದ್ರು. ನಾಯಿ ಆಗಿದ್ರೆ ಮೊಟ್ಟೆ ಬಿಡ್ತಿತ್ತಾ?

ತಮಾಷೆ ಕೇಳಿ. ಆರು ಮೀಟರಿನಿಂದ ತೆಗೆದ ಆ ಚಿತ್ರಗಳು ಚೆನ್ನಾಗೂ ಬಂದಿರಲಿಲ್ಲ. 600 ಎಂಎಂನಲ್ಲಿ, ಎಫ್ 6.3ರಲ್ಲಿ, ಆರು ಮೀಟರ್ ದೂರಕ್ಕೆ ಸ್ಪಷ್ಟವಾಗಿ ಬರುವ ಆಳ ನಾಲ್ಕು ಸೆಂಟಿಮೀಟರ್ ಕೂಡ ಇಲ್ಲ. ಕಣ್ಣು ಚೂಪು, ಬಾಲ ಮಸುಕು, ಮೊಟ್ಟೆ ಪೂರ್ತಿ ಮಸುಕು. ಮೂವತ್ತು ಮೀಟರಿನಿಂದ ತೆಗೆದಿದ್ದೇ ಒಳ್ಳೆಯ ಚಿತ್ರ. ಹಕ್ಕಿ ಕೂತಿದೆ, ನೆಮ್ಮದಿಯಾಗಿದೆ, ಸುತ್ತ ಅದರ ಊರು ಕಾಣುತ್ತೆ.

ಇದನ್ನ ಕಾನೂನು ಏನಂತ ಕರೆಯುತ್ತೆ ಗೊತ್ತಾ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ "ಬೇಟೆ" ಅನ್ನೋ ಪದಕ್ಕೆ ಕೊಟ್ಟ ಅರ್ಥದೊಳಗೇ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡೋದೂ ಸೇರಿದೆ. ಕೈಯಲ್ಲಿದ್ದದ್ದು ಕೋವಿಯೋ ಕ್ಯಾಮೆರಾನೋ ಅಂತ ಅದು ಕೇಳೋದಿಲ್ಲ. ನಾವು ಏಳು ಜನ, ಬಹುಪಾಲು ಸಸ್ಯಾಹಾರಿಗಳು, ಬೇಟೆ ಮುಗಿಸಿ ವಡಾಪಾವ್ ತಿಂದು ಮನೆಗೆ ಬಂದಿದ್ವಿ.

"ಹಿಂದಿನವರು ಗೂಡಿನ ಚಿತ್ರ ತೆಗೀಲಿಲ್ವಾ?" ಅಂತ ಕೆಲವರು ವಾದ ಹಾಕ್ತಾರೆ. ತೆಗೆದ್ರು. ಕರ್ನಾಟಕದಲ್ಲಿ ಈ ವಿದ್ಯೆಗೆ ದೊಡ್ಡ ಪರಂಪರೆಯೇ ಇದೆ: ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಅವರ ಕೈಕೆಳಗೆ ಕಲಿತ ಎಷ್ಟೋ ಜನ. ಆ ಕಾಲದಲ್ಲಿ ಫಿಲ್ಮಿನ ವೇಗ ಕಡಿಮೆ, ಕೈಗೆಟುಕುವ ಲೆನ್ಸು ಗಿಡ್ಡ, ಫೋಕಸ್ ಕೈಯಲ್ಲೇ ಮಾಡಬೇಕು. ಹಕ್ಕಿ ಖಾತ್ರಿಯಾಗಿ ಬಂದು ಕೂರುವ ಜಾಗ ಗೂಡೊಂದೇ. ಅದಕ್ಕೇ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಅದರೊಳಗೆ ಕೂರ್ತಿದ್ರು. ಈಗ ಆ ನೆಪಗಳಲ್ಲಿ ಒಂದಾದ್ರೂ ಉಳಿದಿದೆಯಾ? ಲೆನ್ಸು ಉದ್ದ ಇದೆ, ಕ್ಯಾಮೆರಾ ತಾನೇ ಹಕ್ಕಿಯ ಕಣ್ಣು ಹುಡುಕಿ ಫೋಕಸ್ ಮಾಡುತ್ತೆ, ಐಎಸ್‌ಒ 3200ರಲ್ಲೂ ಚಿತ್ರ ಚೊಕ್ಕ ಬರುತ್ತೆ. ಅವರಲ್ಲಿ ಇದ್ದು ನಮ್ಮಲ್ಲಿ ಇಲ್ಲದ್ದು ಕೂರುವ ತಾಳ್ಮೆ ಮಾತ್ರ.

ತಾಳ್ಮೆ ಅಂದಾಗ ನೆನಪಾಯ್ತು, ರಾಜಹಂಸಗಳ ವಿಷಯ. ಠಾಣೆ ಖಾಡಿಯನ್ನ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ ಅಂತ ಘೋಷಿಸಿದ್ರು, 2022ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು. ಸಮುದ್ರ ಇಳಿತದಲ್ಲಿದ್ದಾಗ ಹಕ್ಕಿಗಳು ಕೆಸರಿನಲ್ಲಿ ಎಲ್ಲೋ ದೂರ ಮೇಯ್ತಾ ಇರ್ತವೆ. ಆಗ 600 ಹಾಕಿ, ಅದರ ಹಿಂದೆ ಟೆಲಿಕನ್ವರ್ಟರ್ ಹಾಕಿ, ಒದ್ದಾಡಿ, ಕೊನೆಗೆ ಗುಲಾಬಿ ಬಣ್ಣದ ಬೇಯಿಸಿದ ಶಾವಿಗೆಯಂಥ ಚಿತ್ರ ತಗೊಂಡು ಬರ್ತಾರೆ. ಬಿಸಿಲೇರಿದ ಮೇಲೆ ಕೆಸರಿನಿಂದ ಏಳುವ ಬಿಸಿಗಾಳಿ ನಡುವೆ ಅಲುಗಾಡುತ್ತೆ. ಅದನ್ನ ದಾಟಿ ನೋಡುವ ಲೆನ್ಸನ್ನ ಇನ್ನೂ ಯಾರೂ ಮಾಡಿಲ್ಲ. ಲೆನ್ಸು ಉದ್ದ ಆದಷ್ಟೂ ಆ ಕುದಿಯೂ ದೊಡ್ಡದಾಗಿ ಕಾಣುತ್ತೆ. ಅದರ ಬದಲು ಉಬ್ಬರ ಇಳಿತದ ಪಟ್ಟಿ ನೋಡಿ. ಪುಕ್ಕಟೆ ಸಿಗುತ್ತೆ. ಬೆಳಿಗ್ಗೆ ಉಬ್ಬರ ಏರುವ ದಿನ ಆರಿಸಿಕೊಂಡು, ಏರುವ ಮೊದಲೇ ಹೋಗಿ ದಂಡೆಯಲ್ಲಿ ಅಲ್ಲಾಡದೆ ಕೂತ್ಕೊಳ್ಳಿ. ನೀರೇ ಹಕ್ಕಿಗಳನ್ನ ನಿಮ್ಮ ಕಡೆ ತಳ್ಳುತ್ತೆ. ಒಂದು ಸಲ ಅಷ್ಟು ಹತ್ತಿರ ಬಂದವು, 400 ಕೂಡ ಹೆಚ್ಚಾಯ್ತು ನನಗೆ.

ಇನ್ನು ಕೆಲವರಿದ್ದಾರೆ. ದೋಣಿಯವನಿಗೆ ನೂರು ರೂಪಾಯಿ ಹೆಚ್ಚು ಕೊಟ್ಟು ಹಿಂಡಿನೊಳಗೆ ನುಗ್ಗಿಸಿ ಹಕ್ಕಿ ಹಾರಿಸ್ತಾರೆ. ಯಾವ ಜಲಾಶಯ ಅಂತ ಹೇಳೋದಿಲ್ಲ, ಹೋದವರಿಗೆ ಗೊತ್ತು. ದೂರದಿಂದ ಹಾರಿ ಬಂದು, ಹೊಟ್ಟೆ ತುಂಬಿಸಿಕೊಳ್ತಿರುವ ಹಕ್ಕಿಯನ್ನ ಊಟದ ಎಲೆಯಿಂದ ಎಬ್ಬಿಸಿದ ಹಾಗೆ ಅದು. ನಮ್ಮಲ್ಲಿ ಪಂಕ್ತಿಯಲ್ಲಿ ಕೂತವರನ್ನ ಎಬ್ಬಿಸಿದ್ರೆ ಏನಂತಾರೆ ಅಂತ ನಿಮಗೆ ಹೇಳಬೇಕಾ?

ಸರಿ, ಹಾಗಾದ್ರೆ ಏನು ತಗೋಬೇಕು? ಬೈಯೋದಷ್ಟೇ ಮಾಡಿದ್ರೆ ಅಕ್ಕನ ಮಗ ಮತ್ತೆ ಸಿಟ್ಟಾಗ್ತಾನೆ.

600 ಎಫ್ 4 ಹೊಸದಕ್ಕೆ ಹತ್ತು ಲಕ್ಷ ದಾಟುತ್ತೆ. ಅದರ ಮುಂದಿನ ಗಾಜಿನ ಅಗಲ 150 ಎಂಎಂ, ಊಟದ ತಟ್ಟೆಗಿಂತ ಚಿಕ್ಕದು, ತಿಂಡಿ ಪ್ಲೇಟಿನಷ್ಟು. ಆ ಗಾಜಿಗೇ ದುಡ್ಡು, ಆ ಗಾಜೇ ಭಾರ. 1999ರ ಕ್ಯಾನನ್ 600 ಐದೂಕಾಲು ಕೆಜಿಗಿಂತ ಜಾಸ್ತಿ ಇತ್ತು. 2018ರದ್ದು ಮೂರು ಕೆಜಿಗೆ ಇಳಿದಿದೆ. ಎಫ್ 4ಕ್ಕೂ ಎಫ್ 6.3ಕ್ಕೂ ಇರೋ ಅಂತರ ಒಂದೂಕಾಲು ಸ್ಟಾಪಿನ ಆಸುಪಾಸು, ಅಂದ್ರೆ ಅದು 1/500ರಲ್ಲಿ ತೆಗೆಯುವಾಗ ನಿಮ್ಮದು 1/200. ದಟ್ಟ ಕಾಡಿನಲ್ಲಿ, ದಾಂಡೇಲಿಯಂಥ ಕಡೆ ಬೆಳಕು ಹರಿಯುವ ಹೊತ್ತಿಗೆ, ಅದು ದೊಡ್ಡ ಮಾತೇ. ಅದೇ ಕಸುಬು ಮಾಡಿಕೊಂಡವರು ತಗೊಳ್ಳಲಿ. ನವಿ ಮುಂಬೈಯ ಬಯಲಿಗೆ, ಉಜನಿ ಹಿನ್ನೀರಿಗೆ, ಮನೆ ಸಾಲದ ಮೇಲೆ ಇನ್ನೊಂದು ಇಎಂಐ ಯಾಕೆ?

ಇವತ್ತು ಸೋನಿ 200-600, ನಿಕಾನ್ 180-600, ಸಿಗ್ಮಾ-ಟ್ಯಾಮ್ರಾನ್‌ಗಳ 150-600, ಕ್ಯಾನನ್ 100-500 ಇವೆಲ್ಲ ಇವೆ. ಹೆಚ್ಚಿನವು ಎರಡು ಕೆಜಿ ಆಜುಬಾಜು. ಕ್ಯಾನನ್ನಿನದು ಒಂದೂವರೆ ಕೆಜಿಗೂ ಕಡಿಮೆ. ಹಳೆಯ ನಿಕಾನ್ 200-500 ಎಫ್ 5.6 ಸೆಕೆಂಡ್ ಹ್ಯಾಂಡ್ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಅಲ್ಲಲ್ಲ, ಕಣ್ಣು ಬಿಟ್ಟೇ ತಗೊಳ್ಳಿ: ಹಿಂದಿನಿಂದ ಟಾರ್ಚು ಬಿಟ್ಟು ಒಳಗೆ ಜೇಡರ ಬಲೆಯಂಥ ಬೂಷ್ಟು ಇದೆಯಾ ನೋಡಿ. ಮುಂಬೈ ಮಳೆಗಾಲ ಕಂಡ ಲೆನ್ಸಿಗೆ ಆ ರೋಗ ಸಾಮಾನ್ಯ. ತಂದ ಮೇಲೆ ಕಪಾಟಿನಲ್ಲಿ ಚರ್ಮದ ಚೀಲದೊಳಗೆ ಬಿಗಿದಿಡಬೇಡಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ನನ್ನ ಆ ಹಳೇ ಲೆನ್ಸು ಕ್ಯಾನನ್ 400 ಎಫ್ 5.6, 1993ರ ವಿನ್ಯಾಸ, ಒಂದೂಕಾಲು ಕೆಜಿ, ಅಲುಗಾಟ ತಡೆಯುವ ಯಾವ ಯಂತ್ರವೂ ಇಲ್ಲ. ಹಾರುವ ಹಕ್ಕಿಗೆ ಅದರ ಹಾಗೆ ಕೈಯಲ್ಲಿ ತಿರುಗುವ ಲೆನ್ಸು ನಾನು ಇನ್ನೊಂದು ಹಿಡಿದಿಲ್ಲ. ರಂಗನತಿಟ್ಟಿಗೆ ಹೋಗೋದಾದ್ರೆ ಅದೂ ಬೇಡ. ದೋಣಿ ಅಷ್ಟು ಹತ್ತಿರ ಹೋಗುತ್ತೆ, 300 ಸಾಕು. 600 ಹೊತ್ತುಕೊಂಡು ಹೋದವರು ಹೆಜ್ಜಾರ್ಲೆಯ ಮೂಗಿನ ಹೊಳ್ಳೆ ತೆಗೆದುಕೊಂಡು ಬರ್ತಾರೆ.

ಹಿಡಿಯೋದು ಕಲಿಯೋಕೆ ದುಡ್ಡು ಬೇಡ. 600ರಲ್ಲಿ ಕಾಣುವ ಆಕಾಶ, ಕೈ ಚಾಚಿ ಎರಡು ಬೆರಳು ಎತ್ತಿದ್ರೆ ಮುಚ್ಚುವಷ್ಟೇ. ಅದರೊಳಗೆ ಹಕ್ಕಿ ಹುಡುಕೋದು ಹೇಗೆ? ಹಕ್ಕಿಯಿಂದ ಕಣ್ಣು ಕೀಳಬೇಡಿ, ಕ್ಯಾಮೆರಾವನ್ನ ಕಣ್ಣಿಗೆ ತನ್ನಿ. ಜೂಮಾದ್ರೆ ಮೊದಲು 200ರಲ್ಲಿ ಹಿಡಿದು ಆಮೇಲೆ ಎಳೀರಿ. ಎಡಗೈ ಲೆನ್ಸಿನ ಕೆಳಗೆ ಮುಂದಕ್ಕೆ ಇರಲಿ, ಮೊಣಕೈ ಎದೆಗೆ ಒತ್ತಿರಲಿ. ಅಲುಗಾಟ ತಡೆಯುವ ಯಂತ್ರ ನಿಮ್ಮ ಕೈಯ ನಡುಕ ತಡೆಯುತ್ತೆ, ಹಕ್ಕಿಯ ರೆಕ್ಕೆ ತಡೆಯೋದಿಲ್ಲ. ಕೂತ ಹಕ್ಕಿಗೆ 1/500, ಹಾರುವುದಕ್ಕೆ 1/2000 ಇಟ್ಟುಕೊಳ್ಳಿ, ಐಎಸ್‌ಒ ಏರಿದ್ರೆ ಏರಲಿ. ಎಸಿ ಕೋಣೆಯಿಂದ ಸೀದಾ ಹೊರಗೆ ತೆಗೀಬೇಡಿ, ಚೀಲದೊಳಗೇ ಅರ್ಧ ಗಂಟೆ ಬಿಡಿ, ಇಲ್ಲದಿದ್ರೆ ಗಾಜೆಲ್ಲ ಮಂಜು.

ಕಾರಿನ ಕಿಟಕಿ ಮೇಲೆ, ಕಟ್ಟೆ ಮೇಲೆ ಇಡೋಕೆ ಬೀನ್ ಬ್ಯಾಗು ಸಾಕು. ಅದಕ್ಕೂ ಅಂಗಡಿಗೆ ಹೋಗಬೇಡಿ. ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಹೊಲಿಸಿ ಹೆಸರುಕಾಳು ತುಂಬಿ. ನನ್ನದು ಜೂನಿನಲ್ಲಿ ಒಮ್ಮೆ ನೆಂದು, ಮೂರನೇ ದಿನಕ್ಕೆ ಮೊಳಕೆ ಒಡೆದಿತ್ತು. ನಮ್ಮವಳು ಕೋಸಂಬರಿಗೆ ಆಗುತ್ತಾ ಅಂತ ಮೂಸಿ ನೋಡಿ ಎಸೆದಳು.

ನನ್ನ ವಾದಕ್ಕೆ ಒಂದು ಗಟ್ಟಿ ಎದುರು ಮಾತಿದೆ, ಅದನ್ನ ಮುಚ್ಚಿಡೋದಿಲ್ಲ. ಆ ಪನ್ವೇಲಿನ ಸೈಟಿನಲ್ಲಿ ಈಗ ದೊಡ್ಡ ಕಟ್ಟಡ ಎದ್ದಿದೆ. ಟಿಟ್ಟಿಭಗಳ ಇಡೀ ಬಯಲೇ ಕಾಂಕ್ರೀಟಿನ ಕೆಳಗೆ ಹೋಯ್ತು, ಏಳು ಜನ ಮುಕ್ಕಾಲು ಗಂಟೆ ನಿಂತಿದ್ದು ಯಾವ ಲೆಕ್ಕ ಅಂತ ಒಬ್ಬ ಗೆಳೆಯ ಕೇಳಿದ. ಲೆಕ್ಕ ಹಾಕಿದ್ರೆ ಅವನದೇ ಸರಿ. ಆದ್ರೆ ಬಿಲ್ಡರು ತಾನು ಹಕ್ಕಿ ಪ್ರೇಮಿ ಅಂತ ಹೇಳಿಕೊಂಡು ಬರಲಿಲ್ಲ. ನಾವು ಬಂದಿದ್ವಿ, ಟೀ ಶರ್ಟಿನ ಮೇಲೆ ಹಾಗಂತ ಬರೆಸಿಕೊಂಡು.

ಅಕ್ಕನ ಮಗನಿಗೆ ಇವತ್ತು ಮೆಸೇಜು ಹಾಕಿದ್ದೀನಿ. ಇಎಂಐ ಕಾಗದಕ್ಕೆ ಈಗಲೇ ಸಹಿ ಹಾಕಬೇಡ. ನನ್ನ 400 ಒಂದು ತಿಂಗಳು ನಿನ್ನ ಹತ್ತಿರ ಇರಲಿ. ಮುಂದಿನ ಶನಿವಾರ ಸಂಜೆ ಬಂದು ಇಲ್ಲೇ ಉಳಿ, ಉಬ್ಬರದ ಹೊತ್ತು ನೋಡಿಟ್ಟಿದ್ದೀನಿ, ಮೊದಲ ಲೋಕಲ್ ಹಿಡಿದ್ರೆ ಸರಿಯಾಗುತ್ತೆ. ಟೋಪಿ ತಗೊಂಡು ಬಾ. ಕೂರೋಕೆ ಒಂದು ಹಳೇ ಚಾಪೆಯೂ ಬೇಕು, ಕನಿಷ್ಠ ಮೂರು ಗಂಟೆ ಆಗುತ್ತೆ.